ಲೀನಾಳ ಗಂಡ ವಕೀಲ

ಅಮೆರಿಕದಿಂದ ಮಗಳು ಫೋನ್ ಮಾಡಿದಾಗಲೆಲ್ಲ ವೀಸಾದ ಮಾತು ಬಂದೇ ಬರುತ್ತದೆ. ‘ನನ್ನ ಕಾಗದ ಅವರ ಕಾಗದಕ್ಕೆ ಕಟ್ಟಿದ್ದು ಕಣಮ್ಮ. ಅವರದು ಹೋದರೆ ನನ್ನದೂ ಹೋದಂತೆ’ ಎಂದು ಒಮ್ಮೆ ಅಂದಳು. ಈ ವಿಚಾರಕ್ಕೆಂದೇ ಅಲ್ಲಿ ಬೇರೆ ವಕೀಲರಿದ್ದಾರೆ. ನಮ್ಮ ಬೀದಿಯ ವಕೀಲರ ಜಗಲಿಯಲ್ಲಿ ಪಾಲು, ಜೀವನಾಂಶ ಎಂದು ಕಾಯುವವರನ್ನಷ್ಟೇ ಕಂಡ ನನಗೆ, ಒಂದು ದೇಶದಲ್ಲಿ ಇರಲು ಹಕ್ಕು ಕೊಡಿಸುವ ವಕೀಲಿಕೆ ಹೊಸದು. ಕುತೂಹಲದಿಂದ ಓದುತ್ತ ಹೋದಾಗ ಸಿಕ್ಕವರು ಸಖಾರಾಮ ಗಣೇಶ ಪಂಡಿತರು.

ಪಂಡಿತರು ಅಮೆರಿಕದಲ್ಲಿ ಮೊದಲು ಹಿಂದೂ ತತ್ತ್ವಶಾಸ್ತ್ರದ ಉಪನ್ಯಾಸ ಕೊಡುತ್ತಿದ್ದವರು. 1914ರಲ್ಲಿ ಲಾಸ್ ಏಂಜಲಿಸ್‌ನ ಕೋರ್ಟು ಅವರಿಗೆ ಪೌರತ್ವ ಕೊಟ್ಟಿತು. 1917ರಲ್ಲಿ ವಕೀಲರಾದರು. 1920ರಲ್ಲಿ ಲೀನಾ ಎಂಬ ಬಿಳಿಯ ಹೆಣ್ಣುಮಗಳನ್ನು ಮದುವೆಯಾದರು. ಊರಿನ ಪಿತ್ರಾರ್ಜಿತದ ಹಕ್ಕನ್ನೂ ಬಿಟ್ಟುಕೊಟ್ಟು ಅಲ್ಲಿಯೇ ಬೇರೂರಿದರು.

ಆಗಿನ ಕಾನೂನಿನಂತೆ ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವ. ಅಮೆರಿಕದ ಸೈನ್ಯದಲ್ಲಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ತಾನೂ ಆ ಲೆಕ್ಕಕ್ಕೆ ಸೇರಿದವನೆಂದು ಸುಪ್ರೀಂ ಕೋರ್ಟಿನಲ್ಲಿ ವಾದಿಸಿದರು. ಅವರ ವಕೀಲರಲ್ಲಿ ಪಂಡಿತರೂ ಒಬ್ಬರು. ಪಂಡಿತರೇ ಹೇಳಲಿ, ಶಾಸ್ತ್ರಜ್ಞರೇ ಹೇಳಲಿ, ಸಾಮಾನ್ಯ ಮನುಷ್ಯನ ಕಣ್ಣಿಗೆ ಭಾರತೀಯ ಬಿಳಿಯನಲ್ಲ ಎಂದು 1923ರ ಫೆಬ್ರವರಿಯಲ್ಲಿ ತೀರ್ಪಾಯಿತು. (ಆ ಸಾಮಾನ್ಯ ಮನುಷ್ಯನನ್ನು ಯಾರು ಕೇಳಿದರೋ!) ಆಮೇಲೆ ಸರ್ಕಾರ, ಮೊದಲೇ ಪೌರತ್ವ ಪಡೆದಿದ್ದ ಭಾರತೀಯರಿಂದಲೂ ಅದನ್ನು ಕಿತ್ತುಕೊಳ್ಳಲು ಹೊರಟಿತು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ವ್ಯಾಪಾರ ಮಾಡುತ್ತಿದ್ದ ವೈಷ್ಣೋದಾಸ್ ಬಗಾಯಿ ಪೌರತ್ವ ಕಳೆದುಕೊಂಡು, 1928ರಲ್ಲಿ ಹೆಂಡತಿ ಕಲಾ ಮತ್ತು ಮೂವರು ಗಂಡುಮಕ್ಕಳನ್ನು ಬಿಟ್ಟು ಆತ್ಮಹತ್ಯೆ ಮಾಡಿಕೊಂಡರು.

ಪಂಡಿತರ ಮೇಲೂ ಮೊಕದ್ದಮೆ ಬಿತ್ತು. ಇತರರಿಗಾಗಿ ವಾದಿಸುತ್ತಿದ್ದವರು ಈಗ ತಮಗಾಗಿ ವಾದಿಸಬೇಕಾಯಿತು. ಚರ್ಮದ ಬಣ್ಣದ ಚರ್ಚೆ ಬಿಟ್ಟು ಅವರು ಹಿಡಿದದ್ದು ಮನೆಯ ಲೆಕ್ಕವನ್ನು. ನೀವು ಕೊಟ್ಟ ಕಾಗದವನ್ನು ನಂಬಿ ನಾನು ವಕೀಲನಾದೆ, ಮನೆ ಕೊಂಡೆ, ಮದುವೆಯಾದೆ. ಈಗ ಅದನ್ನು ಹರಿದರೆ ಲೀನಾಳಿಗೂ ದೇಶವಿಲ್ಲ. ಮಾತು ನಿಜ. 1907ರ ಕಾನೂನಿನಂತೆ ಪರದೇಶದವನನ್ನು ಮದುವೆಯಾದ ಅಮೆರಿಕದ ಹೆಣ್ಣು ತನ್ನ ಪೌರತ್ವ ಕಳೆದುಕೊಳ್ಳುತ್ತಿದ್ದಳು. 1922ರಲ್ಲಿ ಅದನ್ನು ತಿದ್ದಿದರೂ, ಏಷ್ಯಾದವನನ್ನು ಕಟ್ಟಿಕೊಂಡವಳಿಗೆ ಆ ವಿನಾಯಿತಿ ಸಿಗಲಿಲ್ಲ. ಹುಟ್ಟಿದ ಊರಿನಲ್ಲೇ ಪರದೇಶಿಯಾಗುವುದೆಂದರೆ ಇದೇ ಅಲ್ಲವೇ?

1926ರಲ್ಲಿ ಮೇಲ್ಮನವಿ ಕೋರ್ಟು ಪಂಡಿತರ ಪರ ನಿಂತಿತು. 1914ರಲ್ಲಿ ಮುಗಿದ ವ್ಯಾಜ್ಯವನ್ನು ಮತ್ತೆ ಕೆದಕುವಂತಿಲ್ಲ ಎಂದಿತು. ಮರುವರ್ಷ ಸುಪ್ರೀಂ ಕೋರ್ಟು ಸರ್ಕಾರದ ಅರ್ಜಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಸರ್ಕಾರ ಭಾರತೀಯರ ಮೇಲೆ ಉಳಿದಿದ್ದ ಮೊಕದ್ದಮೆಗಳನ್ನೂ ಕೈಬಿಟ್ಟಿತು. ಹೆಂಗಸರನ್ನು ಕಾಡುತ್ತಿದ್ದ ಆ ಕಲಮು 1931ರಲ್ಲಿ ಹೋಯಿತು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆಯಲು 1946 ಬರಬೇಕಾಯಿತು.

ಇದನ್ನೆಲ್ಲ ಮಗಳಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮ ವಕೀಲರು ಮದುವೆ ನೋಂದಣಿಯ ಪತ್ರ ಇನ್ನೊಂದು ಸಲ ಕೇಳಿದ್ದಾರೆ, ಕಳಿಸ್ತೀಯಾ ಅಮ್ಮ?’ ಎಂದಳು. ಬೀರುವಿನಲ್ಲಿ ಧಾರೆ ಸೀರೆಯ ಕೆಳಗಿಟ್ಟಿದ್ದೆ, ತೆಗೆದಿದ್ದೇನೆ. ನಾಳೆ ಝೆರಾಕ್ಸ್ ಅಂಗಡಿ ತೆರೆಯಬೇಕು.