ಕಾಯಂ ಆಗದ ಇಕಾಮ

ಇಕಾಮ (ನಾ.) – ಕೊಲ್ಲಿ ದೇಶಗಳಲ್ಲಿ, ಮುಖ್ಯವಾಗಿ ಸೌದಿಯಲ್ಲಿ, ವಿದೇಶಿಯರಿಗೆ ಕೊಡುವ ವಾಸದ ಪರವಾನಗಿ.

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ತಳಂಗರೆ ಕಡೆ ಮದುವೆ ಮಾತುಕತೆಯಲ್ಲೂ ಕಿವಿಗೆ ಬೀಳುವ ಪದ. ಇದನ್ನು ವೀಸಾ ಎಂದೇ ಬರೆಯುವವರಿದ್ದಾರೆ, ಅದು ತಪ್ಪು. ವೀಸಾ ಗಡಿ ದಾಟಿಸುತ್ತದೆ, ಇಳಿದ ಮೇಲೆ ನೆಲೆಸಲು ಇಕಾಮ ಬೇಕು.

ಮೂಲ ಅರಬಿ, ಧಾತುವಿನ ಅರ್ಥ ಏಳು, ನಿಲ್ಲು. ಬಾಂಗಿನ ಬಳಿಕ, ಸಾಮೂಹಿಕ ನಮಾಜು ಶುರುವಾಗುವಾಗ ಮಸೀದಿಯಲ್ಲಿ ಕೊಡುವ ಎರಡನೆಯ ಕರೆಯೂ ಇಕಾಮವೇ. ಈ ಧಾತುವಿನ ಬಳಗ ಕನ್ನಡಕ್ಕೆ ಹಳೆಯ ಪರಿಚಯ: ಮಂತ್ರಿಗಳು ಹೂಡುವ ‘ಮೊಕ್ಕಾಂ’, ನೌಕರರು ಬಯಸುವ ‘ಕಾಯಂ’, ಪೇಟೆಯ ‘ಕಿಮ್ಮತ್ತು’. ಉರೂಸ್ ನಡೆಯುವ ‘ಮಖಾಂ’ ಕೂಡ. ತಮಾಷೆಯೆಂದರೆ, ಕಾಯಂನ ಈ ನಂಟನೇ ಕಾಯಂ ಅಲ್ಲ! ಅವಧಿ ಮುಗಿಯುವ ಮುನ್ನ ನವೀಕರಿಸಬೇಕು.

ಹೆಂಡತಿಗೆ ಇಕಾಮ ಮಾಡಿಸಲು ಮಸೀದಿಯ ನಿಕಾಹ್ ದಾಖಲೆಯೊಂದೇ ಸಾಲದು. ಪಂಚಾಯತಿನಲ್ಲಿ ನೋಂದಾಯಿಸಿದ ವಿವಾಹ ಪ್ರಮಾಣಪತ್ರ, ಅದಕ್ಕೆ ದೃಢೀಕರಣ ಬೇಕು. ದೃಢೀಕರಣಕ್ಕೆ ಕೇರಳದಲ್ಲಿ ಸರಕಾರದ ಅನಿವಾಸಿ ಸೇವಾ ಸಂಸ್ಥೆ ನೋರ್ಕಾ ರೂಟ್ಸ್ ಇದೆ. ದಾಖಲೆಗಳನ್ನು ದೇಶಗಳು ಪರಸ್ಪರ ಒಪ್ಪುವ ಅಪೊಸ್ಟಿಲ್ ಒಪ್ಪಂದ ಸೌದಿಯಲ್ಲಿ 2022ರ ಡಿಸೆಂಬರಿನಲ್ಲಿ ಜಾರಿಗೆ ಬಂದದ್ದರಿಂದ ರಾಯಭಾರ ಕಚೇರಿಯ ಮುದ್ರೆಯ ಕಾಟ ತಪ್ಪಿದೆ.

ಮಲಯಾಳ ಪತ್ರಿಕೆಗಳಲ್ಲಿ ‘ಇಖಾಮ’. ಮೊಕ್ಕಾಂ, ಕಾಯಂಗಳ ಸಾಲಿಗೆ ಹೊಂದುವ ‘ಇಕಾಮ’ವೇ ಕನ್ನಡಕ್ಕೆ ಸಲೀಸು.