ಘಟ್ಟವಿಳಿಯುವ ಹಗಲುಗಾಡಿ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಇಂದು ದೇಶ ಸುತ್ತುವವರಿಗೆ ಕೊರತೆಯೇನೂ ಇಲ್ಲ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಉದ್ಯಾನಗಳಲ್ಲಿ ಸಂಜೆಯ ಹೊತ್ತು ಕಲೆಯುವ ನಿವೃತ್ತರ ಮಾತಿಗೆ ಕಿವಿಗೊಟ್ಟರೆ, ಆಲ್ಪ್ಸ್ ಪರ್ವತಗಳ ರೈಲು ಪ್ರಯಾಣದ ಪ್ರಸ್ತಾಪ ಬಾರದೆ ಇರುವುದಿಲ್ಲ. ಗಾಜಿನ ದೊಡ್ಡ ಕಿಟಕಿಯ ಬಳಿ ಕುಳಿತು, ಹಿಮದ ಶಿಖರಗಳನ್ನೂ ಹಸಿರು ಕಣಿವೆಗಳನ್ನೂ ನೋಡುತ್ತ ಆತುರವಿಲ್ಲದೆ ಸಾಗಬೇಕೆಂಬ ಆಸೆ ಯಾರಿಗಿಲ್ಲ? ಆಸೆ ಒಳ್ಳೆಯದೆ. ಆದರೆ ಅಂತಹ ಪ್ರಯಾಣಕ್ಕೆ ಅಣಿಯಾಗುವವರು ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಲೇಸು. ಬೆಟ್ಟದ ದಾರಿಯಲ್ಲಿ ಗಾಡಿ ನಿಧಾನವಾಗಿ ಹೋಗುತ್ತದೆ. ಆ ನಿಧಾನದಿಂದಲೇ ನಮಗೆ ನೋಟದ ಸುಖ ದೊರೆಯುತ್ತದೆ. ಈ ನಿಧಾನವನ್ನು ನಮಗೆ ಕೊಟ್ಟವರು ಯಾರು?

ಮೊದಲು ಆಲ್ಪ್ಸ್ ಪರ್ವತದ ಕಥೆಯನ್ನೇ ನೋಡೋಣ. ಸ್ವಿಟ್ಸರ್ಲೆಂಡಿನಲ್ಲಿ ಇಂದು ಪ್ರವಾಸಿಗರು ಹಾಡಿ ಹೊಗಳುವ ದಾರಿಗಳಲ್ಲಿ ಕೆಲವು ಹುಟ್ಟಿದ್ದು ಪ್ರವಾಸಿಗರಿಗಾಗಿ ಅಲ್ಲ. ಗೊಟ್ಹಾರ್ಡ್ ಮಾರ್ಗವನ್ನು ತೆಗೆದುಕೊಳ್ಳಿ. ಪರ್ವತದ ಉತ್ತರಕ್ಕೆ ಜರ್ಮನ್ ಮಾತನಾಡುವ ಜನ, ದಕ್ಷಿಣಕ್ಕೆ ಇಟಾಲಿಯನ್ ಮಾತನಾಡುವ ಟಿಚೀನೋ ಪ್ರಾಂತ. 1803ರಲ್ಲಿಯೇ ಟಿಚೀನೋ ಸ್ವಿಸ್ ಒಕ್ಕೂಟವನ್ನು ಸೇರಿತ್ತು. ಆದರೂ ನಡುವೆ ಪರ್ವತ ಅಡ್ಡ ನಿಂತಿತ್ತು. ಚಳಿಗಾಲದಲ್ಲಿ ಹಿಮ ಬಿದ್ದಿತೆಂದರೆ ಕಣಿವೆಮಾರ್ಗವನ್ನು ದಾಟುವುದು ಜೀವವನ್ನು ಪಣಕ್ಕಿಟ್ಟ ಸಾಹಸ. 1872ರಲ್ಲಿ ಸುರಂಗದ ಕೆಲಸ ಪ್ರಾರಂಭವಾಯಿತು. ಹದಿನೈದು ಕಿಲೋಮೀಟರು ಉದ್ದದ ಆ ಸುರಂಗವನ್ನು ಕೊರೆಯುವುದರಲ್ಲಿ ಸುಮಾರು ಇನ್ನೂರು ಮಂದಿ ಕೆಲಸಗಾರರು ಪ್ರಾಣ ಕಳೆದುಕೊಂಡರು. ಗುತ್ತಿಗೆ ಹಿಡಿದಿದ್ದ ಲೂಯಿ ಫಾವ್ರ್ ಎಂಬಾತನೇ 1879ರಲ್ಲಿ ಸುರಂಗದೊಳಗೆ ಕುಸಿದು ಮರಣಹೊಂದಿದ. 1882ರಲ್ಲಿ ಗಾಡಿ ಓಡಿತು. ಅದೇ ವರ್ಷ ವಿಂಚೆಂಜೋ ವೇಲಾ ಎಂಬ ಶಿಲ್ಪಿ, ಸತ್ತ ಕೆಲಸಗಾರನೊಬ್ಬನನ್ನು ಅವನ ಸಂಗಾತಿಗಳು ಹೊತ್ತು ತರುವ ದೃಶ್ಯವನ್ನು ಉಬ್ಬುಶಿಲ್ಪವಾಗಿ ರೂಪಿಸಿದ. ಅದರ ಕಂಚಿನ ಪ್ರತಿಯನ್ನು ಸುರಂಗದ ದಕ್ಷಿಣ ಬಾಯಿಯಿರುವ ಐರೋಲೋ ಊರಿನಲ್ಲಿ ನಿಲ್ಲಿಸಿದ್ದಾರೆ. ನೋಟ ಸವಿಯಲು ಹೋದವರು ಅದರ ಮುಂದೆಯೂ ಒಂದು ಕ್ಷಣ ನಿಲ್ಲಬೇಕು.

ಈ ಮಾರ್ಗದಲ್ಲಿ ವಾಸೆನ್ ಎಂಬ ಹಳ್ಳಿಯುಂಟು. ಅಲ್ಲಿಯ ಇಗರ್ಜಿ ಗಾಡಿಯಲ್ಲಿ ಕುಳಿತವರಿಗೆ ಮೂರು ಸಲ, ಮೂರು ಎತ್ತರಗಳಿಂದ ಕಾಣಿಸುತ್ತದೆ. ಒಮ್ಮೆಗೇ ಏರಲಾಗದ ಕಡಿದಾದ ಬೆಟ್ಟವನ್ನು ದಾರಿಯು ಸುರುಳಿ ಸುತ್ತಿ ಏರುವುದೇ ಇದಕ್ಕೆ ಕಾರಣ. ಎಂಜಿನಿಯರನು ಚೆಲುವನ್ನು ಬಯಸಿ ಸುತ್ತಿಸಿದ ದಾರಿ ಇದಲ್ಲ. ಬೆಟ್ಟವು ಹೇರಿದ ನಿಬಂಧನೆ. 2016ರಲ್ಲಿ ಅದೇ ಪರ್ವತದ ಬುಡದಲ್ಲಿ 57 ಕಿಲೋಮೀಟರು ಉದ್ದದ ಹೊಸ ಸುರಂಗ ತೆರೆಯಿತು. ಅವಸರದ ಗಾಡಿಗಳು ಈಗ ಆ ಕತ್ತಲೆಯಲ್ಲಿ ಧಾವಿಸುತ್ತವೆ. ವೇಗ ಬೇಕಾದವರಿಗೆ ಕತ್ತಲೆ, ನೋಟ ಬೇಕಾದವರಿಗೆ ಮೇಲಿನ ಹಳೆಯ ನಿಧಾನದ ದಾರಿ. ಎರಡೂ ಒಟ್ಟಿಗೆ ದೊರೆಯುವುದಿಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. ಗೊಟ್ಹಾರ್ಡ್ ಮಾರ್ಗ ತೆರೆದ 1882ರಲ್ಲಿಯೇ ಬೆಂಗಳೂರು–ಮೈಸೂರು ರೈಲು ಮಾರ್ಗವೂ ಪೂರ್ಣಗೊಂಡಿತು. ಕೆಂಗೇರಿಯ ಜನ ಗಾಡಿಯನ್ನು ಕಂಡದ್ದು ಆ ಕಾಲದಲ್ಲಿ. ಇದರ ಹಿಂದೆಯೂ ಒಂದು ನೋವಿನ ಅಧ್ಯಾಯವಿದೆ. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಭೀಕರ ಕ್ಷಾಮ ಕಾಡಿತು. ಹೊಟ್ಟೆಗಿಲ್ಲದೆ ಊರು ಬಿಟ್ಟ ಜನಕ್ಕೆ ಕೂಳು ಒದಗಿಸಲು ಸರ್ಕಾರ ಕೈಗೊಂಡ ಕಾಮಗಾರಿಗಳಲ್ಲಿ ಈ ಮಾರ್ಗದ ಮಣ್ಣಿನ ಕೆಲಸವೂ ಸೇರಿತ್ತು. ಕೆಂಗೇರಿಯಿಂದಾಚೆಗೆ ಇಂದು ನಾವು ಮೈಮರೆತು ಸಾಗುವ ಏರಿಗಳ ಕೆಳಗೆ ಆ ಕ್ಷಾಮದ ದಿನಗಳ ಬೆವರಿದೆ.

ಆದರೆ ಅದು ಬಯಲಿನ ದಾರಿ. ನಮಗೆ ನಿಜವಾದ ಪರ್ವತ ಎದುರಾಗುವುದು ಪಶ್ಚಿಮದಲ್ಲಿ. 'ಘಟ್ಟದ ಮೇಲೆ', 'ಘಟ್ಟದ ಕೆಳಗೆ' ಎಂಬ ಎರಡು ಮಾತುಗಳಲ್ಲಿ ಕನ್ನಡಿಗರು ತಮ್ಮ ನಾಡನ್ನು ಎರಡಾಗಿ ಎಣಿಸುತ್ತ ಬಂದರು. ಮೇಲಿನವರಿಗೆ ಉಪ್ಪು, ಮೀನು ಕೆಳಗಿನಿಂದ ಬರಬೇಕು. ಮೇಲಿನ ಕಾಫಿ, ಏಲಕ್ಕಿ ಬಂದರಿಗೆ ಇಳಿಯಬೇಕು. ಎತ್ತಿನ ಗಾಡಿಗಳೂ ಹೇರಿನೆತ್ತುಗಳೂ ಶಿರಾಡಿ, ಚಾರ್ಮಾಡಿ, ಬಿಸಿಲೆ ಘಟ್ಟಗಳಲ್ಲಿ ದಾರಿ ಸವೆಸಿದುವು. ಆ ದಾರಿಗಳ ಮೇಲೆ ಕಣ್ಣಿಡಲೆಂದೇ ಟಿಪ್ಪು ಸುಲ್ತಾನನು 1792ರಲ್ಲಿ ಸಕಲೇಶಪುರದ ಬಳಿ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯನ್ನು ಕಟ್ಟಿಸಿದ್ದು.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದೂ ದಕ್ಷಿಣದಿಂದ, ಮಲಬಾರಿನ ಕರಾವಳಿಯ ಮೂಲಕ. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತಕ್ಕೆ ಸೇರಿತ್ತು. ಬೆಂಗಳೂರಿನಿಂದ ಮಂಗಳೂರಿಗೆ ರೈಲಿನಲ್ಲೇ ಹೋಗಬೇಕೆನ್ನುವವನು ಜೋಲಾರಪೇಟೆ, ಸೇಲಂ, ಈರೋಡು, ಪಾಲ್ಘಾಟು, ಷೊರನೂರು, ಕಲ್ಲಿಕೋಟೆ, ಕಾಸರಗೋಡುಗಳನ್ನು ಬಳಸಿ ಬರಬೇಕಾಗಿತ್ತು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಕಾಸರಗೋಡು ಮಾತ್ರ ಕೇರಳದ ಪಾಲಾಯಿತು. ನಕ್ಷೆಯಲ್ಲಿ ಬೆಂಗಳೂರೂ ಮಂಗಳೂರೂ ಒಂದೇ ಬಣ್ಣ ಪಡೆದುವು. ರೈಲಿನ ಹಳಿಗೆ ಆ ಸುದ್ದಿ ತಲಪಲು ಇನ್ನೂ ಎರಡು ದಶಕಗಳು ಬೇಕಾದುವು. ಟಿಚೀನೋದ ಜನ 1803ರಿಂದ 1882ರವರೆಗೆ ಕಾದ ಕಥೆಗೂ ಇದಕ್ಕೂ ಇರುವ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಜ್ಯವನ್ನು ಶಾಸನ ಒಂದುಗೂಡಿಸಬಲ್ಲದು. ನೆಲವನ್ನು ಒಂದುಗೂಡಿಸಲು ಗುದ್ದಲಿ, ಸುತ್ತಿಗೆಗಳೇ ಬೇಕು.

ಹಾಸನ–ಮಂಗಳೂರು ಮಾರ್ಗದ ಕೆಲಸ 1960ರ ದಶಕದಲ್ಲಿ ಆರಂಭವಾಗಿ 1979ರಲ್ಲಿ ಕೊನೆಮುಟ್ಟಿತು. ಇದರ ಉದ್ದೇಶವೂ ವಿಹಾರವಾಗಿರಲಿಲ್ಲ. ಪಣಂಬೂರಿನಲ್ಲಿ 1970ರ ದಶಕದಲ್ಲಿ ಸಿದ್ಧವಾದ ನವಮಂಗಳೂರು ಬಂದರಿಗೆ ಒಳನಾಡಿನ ಸರಕು ಬೇಕಾಗಿತ್ತು. ಆದುದರಿಂದಲೇ ಮೊದಲು ಸರಕಿನ ಗಾಡಿಗಳು ಓಡಿದುವು. ಜನರ ಗಾಡಿ ಬಂದದ್ದು ಕೆಲವು ವರ್ಷಗಳ ಮೇಲೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ 55 ಕಿಲೋಮೀಟರುಗಳೇ ಈ ಮಾರ್ಗದ ಜೀವಾಳ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಸಕಲೇಶಪುರದಿಂದ ಹೊರಟ ಗಾಡಿ ಸುಮಾರು 110 ಮೀಟರಿನ ಮಟ್ಟಕ್ಕೆ ಇಳಿಯಬೇಕು. ನಡುವೆ 57 ಸುರಂಗಗಳು, ನೂರಕ್ಕೂ ಮಿಕ್ಕ ಸೇತುವೆಗಳು. ಅಲ್ಲಿ 57 ಕಿಲೋಮೀಟರಿನ ಒಂದು ಸುರಂಗ. ಇಲ್ಲಿ 57 ಸುರಂಗಗಳ ನಡುನಡುವೆ ಅಷ್ಟಷ್ಟು ಬೆಳಕು. ಐವತ್ತು ಅಡಿ ಸಾಗಿದರೆ ಒಂದು ಅಡಿ ಇಳಿಜಾರು. ರೈಲಿನ ಲೆಕ್ಕದಲ್ಲಿ ಇದು ಬಲು ಕಡಿದು. ಏರುವ ಭಾರದ ಗಾಡಿಗಳಿಗೆ ಹಿಂದಿನಿಂದ ಒತ್ತುಗೊಡಲು ಹೆಚ್ಚಿನ ಎಂಜಿನು ಬೇಕು. ಇಳಿಯುವ ಗಾಡಿಗೆ ಬ್ರೇಕು ಗಟ್ಟಿಯಾಗಿರಬೇಕು. ಗಂಟೆಗೆ 30 ಕಿಲೋಮೀಟರಿನ ಆಸುಪಾಸಿನಲ್ಲಿ ಸಾಗುವ ಗಾಡಿ ಘಟ್ಟವನ್ನು ಇಳಿಯಲು ಎರಡು, ಎರಡೂವರೆ ಗಂಟೆಗಳನ್ನು ತೆಗೆದುಕೊಳ್ಳುತ್ತದೆ. ನಮಗೆ ವಿರಾಮವಾಗಿ ಕಾಣುವುದು ಚಾಲಕನಿಗೆ ಎಚ್ಚರ.

ಹೀಗೆ ಬೆಸೆದ ದಾರಿಯೂ ಸ್ಥಿರವಾಗಿ ಉಳಿಯಲಿಲ್ಲ. ಮೀಟರ್ ಗೇಜನ್ನು ಬ್ರಾಡ್ ಗೇಜಿಗೆ ಬದಲಿಸಲು 1996ರಲ್ಲಿ ಘಟ್ಟದ ಸಂಚಾರವನ್ನು ನಿಲ್ಲಿಸಿದರು. ಸರಕಿನ ಗಾಡಿ ಮತ್ತೆ ಓಡಿದ್ದು 2006ರಲ್ಲಿ. ಪ್ರಯಾಣಿಕರ ಗಾಡಿ 2007ರ ಡಿಸೆಂಬರಿನಲ್ಲಿ. ಹತ್ತು ವರ್ಷಗಳಿಗೂ ಮಿಗಿಲಾಗಿ ಘಟ್ಟದ ಮೇಲು ಕೆಳಗುಗಳು ರೈಲಿನ ಮಟ್ಟಿಗೆ ಮತ್ತೆ ಬೇರೆಯಾಗಿದ್ದುವು. ಆ ಕಾಲದಲ್ಲಿ ನಮ್ಮ ತರುಣರು ಗಾಡಿಯಿಲ್ಲದ ಹಳಿಗಳ ಮೇಲೆ ಚಾರಣ ಮಾಡಿ ಬರುತ್ತಿದ್ದರು. ಈಗ ಹಾಗೆ ನಡೆಯುವುದು ನಿಷಿದ್ಧ. ಸುರಂಗದೊಳಗೆ ಗಾಡಿ ಬಂದರೆ ಪಕ್ಕಕ್ಕೆ ಸರಿಯಲು ಎಡೆಯಿಲ್ಲವೆಂಬುದನ್ನು ಮರೆಯಲಾಗದು. ಅನಂತರವೂ ಬೆಟ್ಟ ತನ್ನ ಹಕ್ಕನ್ನು ಬಿಟ್ಟುಕೊಡಲಿಲ್ಲ. 2018ರ ಆಗಸ್ಟಿನ ಮಳೆಯಲ್ಲಿ ಹಲವೆಡೆ ಗುಡ್ಡ ಜರಿದು ವಾರಗಟ್ಟಲೆ ಗಾಡಿಗಳು ನಿಂತುವು. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ, ಯಡಕುಮರಿಗಳ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು. ಸುರಿಯುವ ಮಳೆಯಲ್ಲಿ, ಕೆಸರಿನಲ್ಲಿ ನಿಂತು, ಮರಳಿನ ಚೀಲಗಳನ್ನೂ ಬಂಡೆಗಳನ್ನೂ ಒಟ್ಟಿ ಕೆಲಸಗಾರರು ದಾರಿಯನ್ನು ಮರಳಿ ನಿಲ್ಲಿಸಿದರು. ಮಳೆಗಾಲದ ರಾತ್ರಿಗಳಲ್ಲಿ ದೀಪ ಹಿಡಿದು ಹಳಿಯುದ್ದಕ್ಕೂ ನಡೆಯುವ ಕಾವಲುಗಾರನಿಲ್ಲದೆ ಈ ಮಾರ್ಗವಿಲ್ಲ.

ಇಷ್ಟನ್ನು ತಿಳಿದ ಮೇಲೆ ಪ್ರಯಾಣದ ಸಿದ್ಧತೆ ಸುಲಭ. ಬೆಂಗಳೂರಿನಿಂದ ಕರಾವಳಿಗೆ ಹೋಗುವವರಲ್ಲಿ ಬಹುಮಂದಿ ರಾತ್ರಿಯ ಗಾಡಿ ಹತ್ತುತ್ತಾರೆ. ಘಟ್ಟವನ್ನು ನಿದ್ದೆಯಲ್ಲಿ ದಾಟುತ್ತಾರೆ. ಕೆಲಸವಿದ್ದವರಿಗೆ ಅದು ಸರಿ. ನೋಡಬೇಕೆಂಬವರು ಹಗಲುಗಾಡಿಯನ್ನೇ ಆರಿಸಿಕೊಳ್ಳಬೇಕು. ನಮ್ಮ ಪಶ್ಚಿಮದ ಬಡಾವಣೆಗಳವರಿಗೆ ಯಶವಂತಪುರ ಕೂಗಳತೆಯ ದೂರ. ರಾಜಾಜಿನಗರದಿಂದ ಮೆಟ್ರೋ ಹಿಡಿದರೆ ಕೆಲವೇ ನಿಮಿಷ. ಅಲ್ಲಿಂದ ಬೆಳಗಿನಲ್ಲಿ ಹೊರಡುವ ಗಾಡಿ 2017ರಲ್ಲಿ ತೆರೆದ ನೇರ ದಾರಿಯಲ್ಲಿ ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳಗಳ ಮೇಲೆ ಹಾಸನ ಸೇರುತ್ತದೆ. ಎಲ್ಲ ಗಾಡಿಗಳೂ ದಿನವೂ ಇರುವುದಿಲ್ಲ. ವೇಳಾಪಟ್ಟಿಯನ್ನು ನೋಡಿಯೇ ದಿನ ಗೊತ್ತುಮಾಡಿಕೊಳ್ಳಬೇಕು. 2021ರ ಜುಲೈಯಲ್ಲಿ ಈ ಮಾರ್ಗಕ್ಕೂ ಗಾಜಿನ ಚಾವಣಿಯ, ತಿರುಗುವ ಆಸನಗಳ ವಿಸ್ಟಾಡೋಮ್ ಬೋಗಿಗಳು ಬಂದುವು. ಸಾಮಾನ್ಯ ಬೋಗಿಯ ಕಿಟಕಿಯಿಂದ ಕಾಣುವುದೂ ಅದೇ ಘಟ್ಟ. ಅಲ್ಲಿ ಗಾಳಿಯೂ ಕಾಡಿನ ವಾಸನೆಯೂ ಒಳಗೆ ಬರುತ್ತವೆ.

ಕಾಲದ ಆಯ್ಕೆಯಲ್ಲಿ ವಿವೇಕ ಬೇಕು. ಆಷಾಢ, ಶ್ರಾವಣಗಳ ಮಳೆಯಲ್ಲಿ ಝರಿಗಳು ತುಂಬಿರುತ್ತವೆ ನಿಜ. ಗುಡ್ಡ ಜರಿಯುವ ಭಯವೂ ಆಗಲೇ. ಮಳೆ ಹಿಂದೆಗೆದ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ನೀರೂ ಇರುತ್ತದೆ, ಬಾನೂ ತಿಳಿಯಾಗಿರುತ್ತದೆ. ಹಾಸನ ದಾಟಿದ ಮೇಲೆ ಬುತ್ತಿಯನ್ನು ಬಿಚ್ಚಿ ಮುಗಿಸಿಬಿಡಿ. ಸಕಲೇಶಪುರದಿಂದ ಮುಂದೆ ಕೈಗಿಂತ ಕಣ್ಣಿಗೆ ಕೆಲಸ ಹೆಚ್ಚು. ದೋಣಿಗಾಲ್, ಕಡಗರವಳ್ಳಿ, ಯಡಕುಮರಿ, ಶಿರಿಬಾಗಿಲು ಎಂಬ ಹೆಸರುಗಳನ್ನು ಓದುತ್ತ ಹೋಗಿ. ಕೆಳಗೆ ಕಣಿವೆಯಲ್ಲಿ ಕೆಂಪುಹೊಳೆ ಹರಿಯುತ್ತದೆ. ಸುಬ್ರಹ್ಮಣ್ಯ ರೋಡಿನಲ್ಲಿ ಇಳಿದವರು ಕುಕ್ಕೆಗೆ ಹೋಗಿ, ಕುಮಾರಧಾರೆಯ ದಡದಲ್ಲಿ ಒಂದು ರಾತ್ರಿ ತಂಗಿ, ಮರುದಿನ ಹಗಲಿನಲ್ಲಿಯೇ ಮರಳುವುದು ಮೇಲು. ಇಳಿಯುವಾಗ ಕಂಡ ಘಟ್ಟ ಏರುವಾಗ ಬೇರೆಯಾಗಿ ಕಾಣುತ್ತದೆ.

ಆಲ್ಪ್ಸ್ ಪರ್ವತಕ್ಕೆ ಹೋಗಬೇಡಿರೆಂದು ಇದರ ಅರ್ಥವಲ್ಲ. ಅವಕಾಶವಿದ್ದವರು ಧಾರಾಳವಾಗಿ ಹೋಗಿಬರಲಿ. ನಮ್ಮ ಘಟ್ಟವನ್ನು ಕಂಡು ಹೋದವನ ಕಣ್ಣಿಗೆ ಅಲ್ಲಿಯ ಸುರಂಗವೂ ಸೇತುವೆಯೂ ಹೆಚ್ಚು ಅರ್ಥ ಕೊಟ್ಟಾವು. ಎರಡು ಕಡೆಯೂ ನಿಧಾನವನ್ನು ವಿಧಿಸಿದ್ದು ಬೆಟ್ಟ. ಆ ವಿಧಿಗೆ ತಲೆಬಾಗಿ ದಾರಿ ಕಡಿದವರು ಹೆಸರಿಲ್ಲದ ಜನ. ಐರೋಲೋದಲ್ಲಿ ಅಂಥವರಿಗೊಂದು ಕಂಚಿನ ನೆನಪಿದೆ. ನಮ್ಮ ಘಟ್ಟದಲ್ಲಿ ಗಾಡಿ ಹಾದುಹೋಗುವಾಗ ಹಾರೆ ಹಿಡಿದು ಪಕ್ಕಕ್ಕೆ ಸರಿದು ನಿಲ್ಲುವ ಹಳಿಕೆಲಸದವನನ್ನು ಮಕ್ಕಳಿಗೆ ತೋರಿಸಿ, ಈ ನಾಡಿನ ಎರಡು ಭಾಗಗಳನ್ನು ಕೂಡಿಸಿ ಹಿಡಿದವರಲ್ಲಿ ಇವನೂ ಒಬ್ಬನೆಂದು ಹೇಳಿದರೆ ಸಾಕು.