ಕಡಲಿಗಿಳಿದ ಕ್ಯಾಮರಾ: ಜಲಾಭೇದ್ಯ ಪೆಟ್ಟಿಗೆಯ ಪೂರ್ವಚರಿತ್ರೆ

ಕ್ಯಾಮರಾವೆಂಬುದು ಮೂಲತಃ ಒಂದು ಕತ್ತಲೆಯ ಪೆಟ್ಟಿಗೆ. ಅದರೊಳಕ್ಕೆ ಬೆಳಕು ಒಂದೇ ದಾರಿಯಿಂದ ಬರಬೇಕು, ಮತ್ತಾವುದೂ ಬರಕೂಡದು. ನೆಲದ ಮೇಲೆ ಧೂಳನ್ನೂ ತೇವವನ್ನೂ ತಡೆಯುವುದಕ್ಕೆ ಮರ ಮತ್ತು ತೊಗಲು ಬಹುಮಟ್ಟಿಗೆ ಸಾಕಾಗುತ್ತಿದ್ದುವು. ಕಡಲೊಳಗಿನ ಮಾತು ಬೇರೆ. ಅಲ್ಲಿ ಉಪ್ಪುನೀರು ಹೊಕ್ಕಿತೆಂದರೆ ಫಲಕದ ಲೇಪ ಕೆಡುವುದು, ಲೋಹದ ಭಾಗಗಳು ಕಿಲುಬುಗಟ್ಟುವುವು, ಲೆನ್ಸಿನ ಮೇಲೆ ಉಪ್ಪಿನ ಕಲೆ ನಿಲ್ಲುವುದು. ಜಲಾಂತರ ಛಾಯಾಗ್ರಹಣದ ಇತಿಹಾಸವನ್ನು ಚಿತ್ರಗಳ ಇತಿಹಾಸವೆಂಬಂತೆ ಬರೆಯುವ ರೂಢಿಯುಂಟು. ವಸ್ತುತಃ ಅದು ಪೆಟ್ಟಿಗೆಯ ಇತಿಹಾಸ.

ಈ ವಿಷಯದಲ್ಲಿ ಪ್ರಥಮಸ್ಥಾನವು ಯಾರಿಗೆ ಸಲ್ಲಬೇಕೆಂಬುದರಲ್ಲಿ ಎರಡು ಹೆಸರುಗಳು ಎದುರುಬದುರಾಗಿ ನಿಲ್ಲುತ್ತವೆ. ಮೊದಲನೆಯವನು ಇಂಗ್ಲೆಂಡಿನ ವೇಮತ್ ಊರಿನ ವಕೀಲನೂ ಪ್ರಕೃತಿಶಾಸ್ತ್ರಾಸಕ್ತನೂ ಆಗಿದ್ದ ವಿಲಿಯಂ ಥಾಂಪ್ಸನ್. 1856ರ ಫೆಬ್ರವರಿಯಲ್ಲಿ ಆತನು ವೇಮತ್ ಕೊಲ್ಲಿಯಲ್ಲಿ ದೋಣಿಯಿಂದ ಒಂದು ಕ್ಯಾಮರಾವನ್ನು ಸುಮಾರು 18 ಅಡಿ ಆಳಕ್ಕೆ ಇಳಿಬಿಟ್ಟನು. ಅದನ್ನಿರಿಸಿದ್ದ ಪೆಟ್ಟಿಗೆಯು ಬಡಗಿಯ ಕೆಲಸ. ಮುಂಭಾಗಕ್ಕೆ ಗಾಜು, ಅದರ ಮುಂದೆ ಹುರಿಯಿಂದ ಮೇಲೆತ್ತುವ ಒಂದು ಮುಚ್ಚಳ. ಮುಚ್ಚಳವನ್ನು ಹತ್ತು ನಿಮಿಷದಷ್ಟು ಕಾಲ ತೆರೆದಿಟ್ಟು, ಪೆಟ್ಟಿಗೆಯನ್ನು ಮೇಲೆ ಸೆಳೆದು ನೋಡಿದರೆ ಒಳಗೆ ನೀರು ನುಗ್ಗಿತ್ತು. ಆದರೂ ಫಲಕದ ಮೇಲೆ ಬಂಡೆ, ಕಡಲ ಕಳೆಗಳ ಮಸುಕಾದ ಆಕಾರ ಮೂಡಿತ್ತು. ಸೇತುವೆಯ ಕಂಬಗಳು, ಬಂದರಿನ ಕಟ್ಟಡಗಳು ನೀರಿನೊಳಗೆ ಹೇಗಿವೆಯೆಂಬುದನ್ನು ಅಲ್ಪವೆಚ್ಚದಲ್ಲಿ ಪರೀಕ್ಷಿಸಬಹುದೆಂಬುದು ಆತನ ಆಸೆ. ಪ್ರಯೋಗವು ಮುಂದುವರಿಯಲಿಲ್ಲ.

ನೀರು ನುಗ್ಗಿದ್ದಕ್ಕೆ ಬಡಗಿಯನ್ನು ದೂರುವುದು ನ್ಯಾಯವಲ್ಲ. ನೀರಿನಲ್ಲಿ ಪ್ರತಿ 10 ಮೀಟರು ಇಳಿದಂತೆಲ್ಲ ಒತ್ತಡವು ಸುಮಾರು ಒಂದು ವಾಯುಭಾರದಷ್ಟು, ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂನಷ್ಟು, ಹೆಚ್ಚುತ್ತದೆ. 18 ಅಡಿಯ ಆಳದಲ್ಲಿ, ಒಂದೊಂದು ಬದಿ 30 ಸೆಂಟಿಮೀಟರಿರುವ ಚೌಕದ ಮೇಲೆ ಬೀಳುವ ಅಧಿಕಭಾರ ಸುಮಾರು 500 ಕಿಲೋಗ್ರಾಂ. ಮರದ ಕೀಲುಗಳು ಇಷ್ಟನ್ನು ತಾಳಿಕೊಂಡಿದ್ದರೇ ಆಶ್ಚರ್ಯವಾಗುತ್ತಿತ್ತು.

ಎರಡನೆಯವನು ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಲೂಯಿ ಬೂತಾನ್ (1859–1934). ಮೆಡಿಟರೇನಿಯನ್ ತೀರದ ಬಾನ್ಯೂಲ್ ಎಂಬ ಊರಿನಲ್ಲಿ ಲಕಾಜ್-ದ್ಯುತಿಯೇ ಸ್ಥಾಪಿಸಿದ್ದ ಆರಾಗೋ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ಆತನು ಮುಳುಗುಗಾರನ ಉಡುಪನ್ನು ತೊಟ್ಟು ತಾನೇ ಕಡಲಿಗಿಳಿಯುತ್ತಿದ್ದನು. ಅಲ್ಲಿ ಕಂಡುದನ್ನು ಬರಿಯ ಮಾತಿನಿಂದ ಇತರರಿಗೆ ತಿಳಿಸುವುದು ಆತನಿಗೆ ಸಾಲದಾಯಿತು. 1893ರಲ್ಲಿ, ಎಂಜಿನಿಯರನಾಗಿದ್ದ ಸಹೋದರ ಓಗ್ಯೂಸ್ತನು ಯೋಜಿಸಿದ ಒಂದು ತಾಮ್ರದ ಪೆಟ್ಟಿಗೆಯೂ ಪ್ರಯೋಗಶಾಲೆಯ ಯಂತ್ರಕರ್ಮಿ ಜೋಸೆಫ್ ದಾವಿದನ ಕೈಕೆಲಸವೂ ಆತನಿಗೆ ಒದಗಿದುವು.

ಈ ಪೆಟ್ಟಿಗೆಯ ಸ್ವಾರಸ್ಯವೆಲ್ಲ ಅದಕ್ಕೆ ಕೊಳವೆಯಿಂದ ಜೋಡಿಸಿದ್ದ ಒಂದು ರಬ್ಬರಿನ ಗಾಳಿಚೀಲದಲ್ಲಿತ್ತು. ಪೆಟ್ಟಿಗೆ ಇಳಿದಂತೆ ನೀರು ಚೀಲವನ್ನು ಹಿಂಡುತ್ತದೆ. ಚೀಲದ ಗಾಳಿ ಪೆಟ್ಟಿಗೆಯೊಳಕ್ಕೆ ಹರಿಯುತ್ತದೆ. ಒಳಗಿನ ಒತ್ತಡ ಹೊರಗಿನ ಒತ್ತಡಕ್ಕೆ ಸಮನಾಗುತ್ತದೆ. ಆಗ ನೀರಿಗೆ ಒಳನುಗ್ಗುವ ಕಾರಣವೇ ಉಳಿಯದು. ಮೇಲೇರುವಾಗ ಹಿಗ್ಗಿದ ಗಾಳಿ ಚೀಲಕ್ಕೆ ಮರಳುವುದರಿಂದ ಮುಚ್ಚಳ ಒಳಗಿನಿಂದ ಸಿಡಿಯುವ ಭಯವೂ ಇಲ್ಲ. ಥಾಂಪ್ಸನ್ನನು ನೀರನ್ನು ಬಲದಿಂದ ತಡೆಯಹೋದನು. ಬೂತಾನ್ ಸಹೋದರರು ಅದರೊಡನೆ ಸಂಧಿ ಮಾಡಿಕೊಂಡರು.

ಈ ಸಂಧಿಗೂ ಒಂದು ಎಲ್ಲೆಯಿತ್ತು. ಅನಿಲವೊಂದರ ಗಾತ್ರವು ಒತ್ತಡ ಹೆಚ್ಚಿದಷ್ಟೂ ಕುಗ್ಗುವುದೆಂಬುದು ಬಾಯ್ಲನ ನಿಯಮ. 10 ಮೀಟರಿನಲ್ಲಿ ಒಟ್ಟು ಒತ್ತಡ ಎರಡು ವಾಯುಭಾರವಾದುದರಿಂದ ಚೀಲವು ಪೆಟ್ಟಿಗೆಯೊಳಗಿನ ಗಾಳಿಯಷ್ಟಾದರೂ ಹಿಡಿಯಬೇಕು. 20 ಮೀಟರಿನಲ್ಲಿ ಅದರ ಎರಡರಷ್ಟು. 50 ಮೀಟರಿನಲ್ಲಿ ಐದರಷ್ಟು. ಮುಳುಗುಗಾರನು ನಡೆದಾಡುವ ಸಾಧಾರಣ ಆಳಗಳಲ್ಲಿ ಉಪಾಯವು ಸುಲಭ. ಆಳ ಹೆಚ್ಚಿದಂತೆ ಚೀಲವೇ ಹೊರೆ.

ಬೆಳಕಿನ ಕಷ್ಟವೂ ಕೊನೆಗೆ ಪೆಟ್ಟಿಗೆಯ ಕಷ್ಟವೇ ಆಯಿತು. ಸೂರ್ಯನ ಬೆಳಕನ್ನೇ ನಂಬಿದರೆ ಅರ್ಧ ಗಂಟೆಯವರೆಗೂ ಕಾಯಬೇಕಾಗುತ್ತಿತ್ತು. ಷೋಫೂರ್ ಎಂಬ ಎಂಜಿನಿಯರನು ಆಮ್ಲಜನಕ ತುಂಬಿದ ಗಾಜಿನ ಬುರುಡೆಯೊಳಗೆ ಮೆಗ್ನೀಸಿಯಂ ತಂತಿಯನ್ನುರಿಸಿ ನೋಡಿದನು. ಬುರುಡೆ ಸಿಡಿಯುವ ಅಪಾಯವಿತ್ತು. ಬಳಿಕ ಒಂದು ದೊಡ್ಡ ಪೀಪಾಯಿಯ ಮೇಲೆ ಗಾಜಿನ ಗಂಟೆಯೊಳಗೆ ಮದ್ಯಸಾರದ ದೀಪವನ್ನಿರಿಸಿ, ಅದರ ಜ್ವಾಲೆಗೆ ಮೆಗ್ನೀಸಿಯಂ ಪುಡಿಯನ್ನು ಊದುವ ಏರ್ಪಾಡಾಯಿತು. 1899ರಲ್ಲಿ ಜಲಾಭೇದ್ಯವಾದ ವಿದ್ಯುದ್ದೀಪಗಳ ಸಹಾಯದಿಂದ 50 ಮೀಟರು ಆಳದಲ್ಲಿಯೂ ಚಿತ್ರ ತೆಗೆಯಲಾಯಿತು. ಮರುವರ್ಷ ಬೂತಾನನು ತನ್ನ ಪ್ರಯೋಗಗಳನ್ನೆಲ್ಲ ಗ್ರಂಥರೂಪದಲ್ಲಿ ಪ್ರಕಟಿಸಿದನು.

ಕಾಲಗಣನೆಯಿಂದ ನೋಡಿದರೆ ಥಾಂಪ್ಸನ್ನನೇ ಮೊದಲಿಗನೆಂಬುದು ನಿರ್ವಿವಾದ. ಆದರೆ ಆತನ ಚಿತ್ರವು ಪೆಟ್ಟಿಗೆ ಸೋತರೂ ಉಳಿದುಬಂದ ಚಿತ್ರ; ಬೂತಾನನ ಚಿತ್ರಗಳು ಪೆಟ್ಟಿಗೆ ಗೆದ್ದುದರಿಂದ ದೊರೆತವು. ಮತ್ತೆ ಮತ್ತೆ ಮಾಡಿ ತೋರಿಸಬಹುದಾದುದೇ ವಿಧಾನವೆನಿಸುವುದಾದರೆ, ವಿಧಾನದ ಕರ್ತೃತ್ವವು ಬಾನ್ಯೂಲಿನವರದು. ಅದರಲ್ಲಿಯೂ ಓಗ್ಯೂಸ್ತ್ ಮತ್ತು ದಾವಿದರ ಪಾಲನ್ನು ಲೂಯಿಯ ಒಬ್ಬನ ಹೆಸರಿಗೇ ಬರೆದುಬಿಡುವುದು ಸರಿಯೆನಿಸದು.

ಮುಂದಿನ ದೊಡ್ಡ ಮಾರ್ಪಾಟು ಕ್ಯಾಮರಾದವರಿಂದ ಬಂದುದಲ್ಲ. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕೆಯಲ್ಲಿ ನೆಲಸಿದ ನೀಲ್ಸ್ ಕ್ರಿಸ್ಟೆನ್ಸೆನ್ ಎಂಬಾತನು 1939ರಲ್ಲಿ ರಬ್ಬರಿನ ಉಂಗುರವೊಂದಕ್ಕೆ ಹಕ್ಕುಪತ್ರ ಪಡೆದನು. ಕಾಲುವೆಯಂತಹ ಗಾಡಿಯಲ್ಲಿ ಕುಳಿತ ಈ ಉಂಗುರವನ್ನು ಹೊರಗಿನ ಒತ್ತಡ ಹೆಚ್ಚಿದಷ್ಟೂ ಸಂದಿಗೆ ಬಿಗಿಯಾಗಿ ಒತ್ತುತ್ತದೆ. ಎಂದರೆ ಶತ್ರುವೇ ಕಾವಲುಗಾರನಾಗುತ್ತಾನೆ. ಬೆಲ್ಜಿಯಮಿನ ಝಾನ್ ದ ವೌಟರ್ಸನು ಕೂಸ್ತೋವಿಗಾಗಿ ರೂಪಿಸಿದ ಕ್ಯಾಲಿಪ್ಸೋ ಕ್ಯಾಮರಾದಲ್ಲಿ ಇಂತಹ ಉಂಗುರಗಳಿಂದ ಕ್ಯಾಮರಾದ ಒಡಲೇ ಜಲಾಭೇದ್ಯವಾಯಿತು, ಹೊರಪೆಟ್ಟಿಗೆ ಬೇಡವಾಯಿತು. ಜಪಾನಿನ ನಿಕಾನ್ ಸಂಸ್ಥೆಯು ಇದನ್ನು 1963ರಿಂದ ನಿಕೊನೋಸ್ ಎಂಬ ಹೆಸರಿನಲ್ಲಿ ತಯಾರಿಸಿತು. ಆ ಮಾಲೆಯ ತಯಾರಿಕೆ 2001ರಲ್ಲಿ ನಿಂತಿತು.

ಇನ್ನುಳಿದ ಕಲ್ಮಷವು ಒಳಗಿನದೇ. ಮುಚ್ಚುವಾಗ ಸೆರೆಸಿಕ್ಕ ಗಾಳಿಯ ತೇವವು ತಣ್ಣೀರಿನಲ್ಲಿ ಗಾಜಿನ ಒಳಮೈಗೆ ಮಂಜಾಗಿ ಕೂಡುತ್ತದೆ. ಅದಕ್ಕಾಗಿ ತೇವಹೀರುವ ಸಿಲಿಕಾ ಹರಳುಗಳನ್ನಿಡುತ್ತಾರೆ. ಉಂಗುರದ ಮೇಲೆ ಒಂದು ಕೂದಲೆಳೆಯೋ ಮರಳಿನ ಕಣವೋ ಕುಳಿತರೂ ನೀರಿಗೆ ದಾರಿಯಾಗುವುದರಿಂದ, ಇಂದಿಗೂ ಮುಳುಗುಗಾರನು ಕಡಲಿಗಿಳಿಯುವ ಮೊದಲು ಆ ಉಂಗುರವನ್ನು ಬಿಚ್ಚಿ, ಬೆರಳಿನಿಂದ ಸವರಿ ನೋಡಿ, ತೆಳುವಾಗಿ ಜಿಡ್ಡು ಹಚ್ಚಿ ಮತ್ತೆ ಕೂರಿಸುತ್ತಾನೆ.